ಚಂದಾ ಮುಗಿದ ಫೋನಿನಿಂದ ಮಗಳ ದನಿ

“ದುಡ್ಡು ಕಟ್ಲಿಲ್ಲ, ಮೇಡಂ. ನಾನು ಮಾಡಿದ್ದು ಅಷ್ಟೇ.”

ಇಷ್ಟು ಹೇಳಿ ಯೊರ್ದಾಕೆ ಮತ್ತೆ ಗೋಡೆಯ ಕಡೆ ತಿರುಗಿದ. ಲಾಕಪ್ಪಿಗೆ ಬಂದಾಗಿನಿಂದ ಆ ಮುದುಕ ಆಡಿದ ಮೊದಲ ಪೂರ್ತಿ ಮಾತು ಅದು.

ಇನ್‌ಸ್ಪೆಕ್ಟರ್ ಸ್ಮರಾಂದಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬ್ರಯಿಲಾ ಬಂದರಿನಲ್ಲಿ ಒಂದು ಕಾಲಕ್ಕೆ ಕ್ರೇನ್ ನಡೆಸುತ್ತಿದ್ದ ತನಾಸೆ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಮನೆ ಬಿಸಿ ಮಾಡುವ ಕಬ್ಬಿಣದ ರೇಡಿಯೇಟರಿನ ಅಂಚಿಗೆ ತಲೆ ಬಡಿದು ಸತ್ತಿದ್ದ. ಆ ಮಧ್ಯಾಹ್ನ ಅವನ ಗೆಳೆಯ ಯೊರ್ದಾಕೆ ಕೂಗಾಡುತ್ತ ಮೆಟ್ಟಿಲಿಳಿದು ಹೋದದ್ದನ್ನು ಇಡೀ ಕಟ್ಟಡ ಕೇಳಿಸಿಕೊಂಡಿತ್ತು. ನಾಳೆ ಬೆಳಗ್ಗೆ ಅವನನ್ನು ಕೊಲೆಗಾರನೆಂದು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

“ಯಾವುದಕ್ಕೆ ದುಡ್ಡು, ಯಜಮಾನ್ರೇ?”

“ಆ ನ್ಯೂಸ್ ಆ್ಯಪಿಗೆ. ಕೇಬಲ್‌ನವ್ರು ಆ ಚಾನೆಲ್ ಕಿತ್ತಾಕಿದ್ರಲ್ಲ, ಆಮೇಲೆ ಅದು ಫೋನಲ್ಲಿ ಮಾತ್ರ ಬರೋದು. ಅದೂ ತಿಂಗಳು ತಿಂಗಳು ಕಟ್ಟಿದ್ರೆ. ತನಾಸೆ ಬ್ಯಾಂಕ್ ಅಂದ್ರೆ ಮಾರು ದೂರ ಓಡೋನು, ಕಾರ್ಡ್ ಎಲ್ಲಿಂದ ಬರ್ಬೇಕು? ನನ್ನ ಕಾರ್ಡಲ್ಲೇ ಕಟ್ತಿದ್ದೆ. ಅವನು ಮೀನು ಹಿಡಿದು ತಂದ್ಕೊಡೋನು.”

“ಅವರ ಮಗಳು ಬರೋ ಚಾನೆಲ್ಲಾ?”

“ಮತ್ತೆ? ಆ ಮುದಿಯನಿಗೆ ದೇಶದ ಉಸಾಬರಿ ಬೇಕಿತ್ತಾ?”

ತನಾಸೆಯ ಮಗಳು ಒತಿಲಿಯಾಳ ಮುಖ ಗೊತ್ತಿಲ್ಲದವರು ಬ್ರಯಿಲಾದಲ್ಲಿಲ್ಲ. ಮೈಕು ಹಿಡಿದು ಮಳೆಯಲ್ಲೂ ಮಂಜಿನಲ್ಲೂ ನಿಂತು ಪಟಪಟ ಮಾತಾಡುವ ಆ ವರದಿಗಾರ್ತಿಗೆ ಮೊದಲು ಹೆಸರು ಬಂದದ್ದೇ ತನ್ನ ಅಪ್ಪನ ಬಂದರಿನ ಗೋಧಿ ಕಳ್ಳತನವನ್ನು ಬಯಲಿಗೆಳೆದು. ಕ್ರೇನಿನವರೆಲ್ಲ ಒಟ್ಟಿಗೆ ಕೆಲಸ ಕಳೆದುಕೊಂಡರು. ಯೊರ್ದಾಕೆಯೂ ಕಳೆದುಕೊಂಡ, ಅವನು ಕದ್ದಿದ್ದನೋ ಇಲ್ಲವೋ ಯಾರೂ ವಿಚಾರಿಸಲು ಹೋಗಲಿಲ್ಲ. ನನ್ನ ಹೊಸ್ತಿಲು ತುಳಿಯಬೇಡ ಎಂದು ತನಾಸೆ ಮಗಳಿಗೆ ಹೇಳಿದ. ಅವಳು ತುಳಿಯಲಿಲ್ಲ. ಅಪ್ಪ ಮಗಳಿಬ್ಬರೂ ಆಡಿದ ಮಾತಿಗೆ ತಪ್ಪದ ಜನ, ಅದೇ ಅವರ ಗ್ರಹಚಾರ.

“ನಿಮ್ಮ ಅನ್ನ ಕಿತ್ಕೊಂಡವಳನ್ನ ನೋಡೋಕೆ ನಿಮ್ಮ ಕಾರ್ಡಿಂದ ದುಡ್ಡಾ?”

“ಬೈಕೊಂಡೇ ಕಟ್ತಿದ್ದೆ.” ಯೊರ್ದಾಕೆ ಗೋಡೆ ಬಿಟ್ಟು ಈ ಕಡೆ ತಿರುಗಿದ. “ಅವಳು ಬಂದ ತಕ್ಷಣ ಅವನು ಫೋನಿನ ಗಾಜು ಒರೆಸೋನು ಮೇಡಂ, ಕರ್ಚೀಫಲ್ಲಿ, ಮಗೂಗೆ ಮೂಗು ಒರೆಸ್ತಾರಲ್ಲ ಹಾಗೆ. ಆಮೇಲೆ ನನಗೆ ಫೋನು. ಇವತ್ತು ಹುಡುಗಿ ಗಂಟ್ಲು ಕಟ್ಟಿದೆ ಕಣೋ, ಸ್ಕಾರ್ಫ್ ಹಾಕ್ಕೊಂಡಿಲ್ಲ ಕಣೋ. ಅವಳಿಗೆ ಹೇಳೋ ಮಾರಾಯ, ನನಗ್ಯಾಕೆ ಹೇಳ್ತೀಯ? ಸಾಕಾಗಿಹೋಯ್ತು. ಈ ಸಲ ಕಟ್ಲಿಲ್ಲ. ಗಾಜಿನೊಳಗೆ ನೋಡ್ಕೊಂಡೇ ಸಾಯ್ತೀಯೇನೋ, ರೈಲು ಹತ್ತಿ ಬುಕಾರೆಸ್ತ್‌ಗೆ ಹೋಗಿ ನೋಡು ಅಂದೆ. ಅದಕ್ಕೇ ಜಗಳ.”

“ತಳ್ಳಿದಿರಾ?”

“ಅವನೇ ನನ್ನ ಮೇಲೆ ಚಪ್ಪಲಿ ಎಸೆದ. ನಾನು ಹೊರಟಾಗ ಎರಡು ಕಾಲ ಮೇಲೆ ನಿಂತು ನಮ್ಮ ವಂಶನೆಲ್ಲ ಜಾಲಾಡ್ತಿದ್ದ. ಚೆನ್ನಾಗೇ ಇದ್ದ.”

“ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?”

“ಏನಂತ ಹೇಳ್ಕೊಳ್ಳಿ ತಾಯಿ? ಸಾಯೋಕೆ ಮುಂಚೆ ಅವನಿಂದ ಮಗಳನ್ನ ಕಿತ್ಕೊಂಡವನು ನಾನೇ ಅಂತಾನಾ?” ಎಂದು ಅವನು ಅಳಲು ಶುರುಮಾಡಿದ.

ಸ್ಮರಾಂದಾ ಅವನನ್ನು ಸಮಾಧಾನ ಮಾಡುವುದನ್ನೂ ಮರೆತು ಕೂತಿದ್ದಳು. ಪಕ್ಕದ ಫ್ಲ್ಯಾಟಿನ ಅಗ್ಲಾಯಾ ಅಜ್ಜಿಯ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ಯೊರ್ದಾಕೆ ಹೋದ ಮೇಲೆ, ಸಂಜೆ ಸುದ್ದಿಯ ಹೊತ್ತಿಗೆ, ದಿನಾ ಕೇಳುವ ಹಾಗೆಯೇ ಒತಿಲಿಯಾಳ ದನಿ ಗೋಡೆಯಾಚೆಯಿಂದ ಕೇಳಿಸಿತ್ತು. ಫೋನು ತನ್ನ ಪಾಡಿಗೆ ಓಡುತ್ತಿತ್ತು, ನೋಡುವವನು ನೆಲದ ಮೇಲೆ ಬಿದ್ದಿದ್ದ ಎಂದು ಮೇಲಧಿಕಾರಿಗಳು ಅದಕ್ಕೆ ಅರ್ಥ ಹಚ್ಚಿದ್ದರು.

ದುಡ್ಡೇ ಕಟ್ಟಿಲ್ಲವೆಂದರೆ ಫೋನು ಓಡುವುದೆಲ್ಲಿಂದ ಬಂತು?

ತನಾಸೆಯ ಫೋನು ಸಾಕ್ಷ್ಯದ ಚೀಲದಲ್ಲಿ ಚಾರ್ಜ್ ಸತ್ತು ಮಲಗಿತ್ತು, ಅದನ್ನು ತರಿಸಿ ಅವಳು ಚಾರ್ಜಿಗೆ ಹಾಕಿದಳು. ಯಾರೂ ಅದನ್ನು ತೆರೆದು ನೋಡುವ ಗೋಜಿಗೆ ಹೋಗಿರಲಿಲ್ಲ, ಅವಳೂ ಸೇರಿ. ಪರದೆ ಬೆಳಗಿದಾಗ ಆ್ಯಪು ತಾನಾಗಿ ತೆರೆದುಕೊಂಡಿತು. ಹಿಂದೆ ಮಸುಕು ಮಸುಕಾಗಿ ಯಾರದೋ ಮುಖ, ಅದರ ಮೇಲೆ ಒಂದು ಚೌಕ: ‘ನಿಮ್ಮ ಚಂದಾ ಮುಗಿದಿದೆ. ನೇರ ಪ್ರಸಾರ ನೋಡಲು ಹಣ ಪಾವತಿಸಿ.’ ದನಿ ಇಲ್ಲ. ಪಾವತಿಸುವ ಗುಂಡಿಯಿದ್ದ ಜಾಗದಲ್ಲಿ ಮಾತ್ರ ಗಾಜು ಬೆರಳಿನ ಜಿಡ್ಡಿನಿಂದ ದಪ್ಪಗಾಗಿತ್ತು. ಮುದುಕ ಅದನ್ನು ಒತ್ತಿ ಒತ್ತಿ ಇಟ್ಟಿದ್ದ. ಕಾರ್ಡಿಲ್ಲದವನು ಎಷ್ಟು ಒತ್ತಿದರೆ ಏನು ಬಂತು?

ಹಾಗಾದರೆ ಅಜ್ಜಿ ಕೇಳಿಸಿಕೊಂಡ ದನಿ ಯಾರದು? ಒತಿಲಿಯಾಳದೇ ಆಗಿರಲಿಕ್ಕೆ ಸಾಧ್ಯವಿಲ್ಲ. ಆ ಸಂಜೆ ಸುದ್ದಿಯಲ್ಲಿ ಅವಳು ತುಲ್ಚಾ ಬಂದರಿನಿಂದ ಕಾರ್ಮಿಕರ ಮುಷ್ಕರದ ನೇರ ವರದಿ ಕೊಟ್ಟಿದ್ದಳು. ಅರ್ಧ ದೇಶ ನೋಡಿತ್ತು, ಸ್ಮರಾಂದಾ ಕೂಡ ಅಡುಗೆ ಮಾಡುತ್ತ ನೋಡಿದ್ದಳು.

ಅವಳು ತನ್ನ ಫೋನಿನಲ್ಲಿ ಆ ವರದಿಯನ್ನು ಹುಡುಕಿ ತೆಗೆದಳು. ಮೂಲೆಯಲ್ಲಿ ಕೆಂಪಕ್ಷರದಲ್ಲಿ ‘ನೇರ’. ಒತಿಲಿಯಾ ಮಾತಾಡುತ್ತಿದ್ದಾಳೆ, ಹಿಂದೆ ಬಾವುಟ ಹಿಡಿದವರು, ಅವರ ಹಿಂದೆ ಡ್ಯಾನ್ಯೂಬ್ ನದಿ. ನದಿಯ ನೀರಿನ ಮೇಲೆ ಬಿಸಿಲು.

ನವೆಂಬರಿನಲ್ಲಿ ಸಂಜೆ ಸುದ್ದಿಯ ಹೊತ್ತಿಗೆ ಬ್ರಯಿಲಾದಲ್ಲಿ ಕತ್ತಲು ಕವಿದು ಬೀದಿದೀಪ ಹತ್ತಿರುತ್ತದೆ. ತುಲ್ಚಾ ಏನು ಬೇರೆ ಖಂಡವೇ?

*

ತನಾಸೆಯನ್ನು ಮಣ್ಣು ಮಾಡಿ ಬಂದವರು ಕಟ್ಟಡದ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಉದ್ದನೆಯ ಮೇಜು, ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸ, ಪ್ಲಮ್ ಸಾರಾಯಿ. ಕುಡಿಯುವ ಮುಂಚೆ ಪ್ರತಿಯೊಬ್ಬರೂ ಸತ್ತವನ ಪಾಲೆಂದು ಒಂದು ಗುಟುಕು ನೆಲಕ್ಕೆ ಚೆಲ್ಲುತ್ತಿದ್ದರು.

ಅಗ್ಲಾಯಾ ಅಜ್ಜಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಮೇಣದಬತ್ತಿಗಳ ಬುಡಕ್ಕೆ ಹಸಿರು ಉಣ್ಣೆಯ ದಾರ ಸುತ್ತುತ್ತಿದ್ದಳು. ಊಟ ಮುಗಿಸಿ ಏಳುವವರಿಗೆಲ್ಲ ಹೆಣೆದ ಬ್ರೆಡ್ಡೊಂದನ್ನು, ಅದರ ಮೇಲೆ ಉರಿಯುವ ಬತ್ತಿಯೊಂದನ್ನು ಇಟ್ಟು ಕೊಡಬೇಕು.

“ಇದ್ಯಾಕೆ ಅಜ್ಜಿ, ದಾರ?” ಸ್ಮರಾಂದಾ ಅವಳ ಪಕ್ಕ ಕೂತು ಕೇಳಿದಳು.

“ಮೇಣ ಬ್ರೆಡ್ ಮೇಲೆ ಸುರಿಬಾರ್ದು ಅಂತ. ಅಂಗಡೀಲಿ ಪ್ಲಾಸ್ಟಿಕ್ ಬಟ್ಟಲು ಸಿಗುತ್ತಂತೆ. ನನಗದು ಸೇರಲ್ಲ. ಈ ಬೀದೀಲಿ ದಾರ ಸುತ್ತೋದು ನಾನೊಬ್ಬಳೇ.” ಅಜ್ಜಿ ತಲೆಯೆತ್ತಿದಳು. “ಯೊರ್ದಾಕೆಗೆ ಊಟ ಕೊಟ್ರಾ ಅಲ್ಲಿ? ಅವನಿಗೆ ಶುಗರ್ ಇದೆ ಕಣೇ.”

“ಕೊಟ್ಟಿದೀವಿ. ಆವತ್ತು ಸಂಜೆ ಗೋಡೆಯಾಚೆ ಏನು ಕೇಳಿಸ್ತು, ಇನ್ನೊಂದು ಸಲ ಹೇಳಿ.”

“ಎಷ್ಟು ಸಲ ಹೇಳ್ಲಿ? ಅವನ ಮಗಳು ನ್ಯೂಸ್ ಓದ್ತಿದ್ಲು.”

“ದಿನಾ ಓದೋ ಹಾಗೇನಾ?”

ಅಜ್ಜಿಯ ಕೈ ದಾರದ ಮೇಲೆ ನಿಂತಿತು. “ಇಲ್ಲ ಕಣೇ. ದಿನಾ ಆಗಿದ್ರೆ ಪಟಪಟ ಅಂತ ಹೊಡೀತಾಳಲ್ಲ, ಆವತ್ತು ತಡವರಿಸ್ತಿದ್ಲು. ಓದೋಳು, ನಿಲ್ಲಿಸೋಳು. ಮತ್ತೆ ಜೋರಾಗಿ ಓದೋಳು. ಪಾಪ, ಹುಷಾರಿಲ್ವೇನೋ ಅಂದ್ಕೊಂಡೆ. ನಾಳೆ ತನಾಸೆ ಸ್ಕಾರ್ಫ್ ಸ್ಕಾರ್ಫ್ ಅಂತ ಬಡ್ಕೋತಾನೆ ಅಂದ್ಕೊಂಡೆ.”

ಸ್ಮರಾಂದಾ ಮೇಜಿನ ಕಡೆ ನೋಡಿದಳು. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಒತಿಲಿಯಾಳ ಎರಡೂ ಬದಿಯ ಜಾಗ ಖಾಲಿ ಇತ್ತು. ಬಂದರಿನವರು ತನಾಸೆಯ ಊಟಕ್ಕೆ ಬಂದಿದ್ದರೇ ಹೊರತು ಅವನ ಮಗಳ ಪಕ್ಕ ಕೂರಲು ಬಂದಿರಲಿಲ್ಲ.

“ಸ್ವಲ್ಪ ಮೇಲೆ ಬರ್ತೀರಾ?” ಎಂದು ಸ್ಮರಾಂದಾ ಅವಳ ಕಿವಿಯ ಬಳಿ ಕೇಳಿದಳು. ಒತಿಲಿಯಾ ಯಾಕೆಂದು ಕೇಳದೆ ಎದ್ದಳು.

*

ತನಾಸೆಯ ಅಡುಗೆಮನೆಯ ಕನ್ನಡಿಗೆ, ಸಾವಿನ ಮನೆಯೆಂದು, ಬಟ್ಟೆ ಹೊದಿಸಿದ್ದರು. ಕಿಟಕಿಯ ಹತ್ತಿರ ಸತ್ತವನಿಗೆಂದು ಒಂದು ಲೋಟ ನೀರು. ಒತಿಲಿಯಾ ಒಳಗೆ ಕಾಲಿಟ್ಟವಳೇ ರೇಡಿಯೇಟರಿನ ಬಲಬದಿಯ ನೆಲ ತುಳಿಯದೆ ಸುತ್ತಿ ಹೋಗಿ ಕುರ್ಚಿಯಲ್ಲಿ ಕೂತಳು.

“ಅಲ್ಲಿ ಯಾಕೆ ಕಾಲಿಡಲಿಲ್ಲ?” ಎಂದಳು ಸ್ಮರಾಂದಾ.

“ಎಲ್ಲಿ?”

“ನಿಮ್ಮಪ್ಪ ಬಿದ್ದಿದ್ದ ಜಾಗದಲ್ಲಿ. ಅದು ಎಲ್ಲಿ ಅಂತ ನಾವ್ಯಾರೂ ನಿಮಗೆ ತೋರಿಸಿಲ್ಲ.”

ಕೆಳಗೆ ಅಂಗಳದಲ್ಲಿ ಯಾರೋ ಬಾಟಲಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ನಿಮ್ಮ ನೇರ ಪ್ರಸಾರದಲ್ಲಿ ಬಿಸಿಲಿದೆ,” ಎಂದಳು ಸ್ಮರಾಂದಾ. “ನಿಮ್ಮಪ್ಪನ ಆ್ಯಪಿಗೆ ಯಾರೂ ದುಡ್ಡು ಕಟ್ಟಿರಲಿಲ್ಲ. ಗೋಡೆಯಾಚೆ ನಿಮ್ಮ ದನಿ ಕೇಳಿದವರಿದಾರೆ. ಇನ್ನೂ ನಾನೇ ಹೇಳ್ಬೇಕಾ, ನೀವೇ ಹೇಳ್ತೀರಾ?”

“ಬಿಸಿಲಿರುವಾಗಲೇ ರೆಕಾರ್ಡ್ ಮಾಡಿ ಕಳಿಸಿದ್ವಿ.” ಸುದ್ದಿಯಲ್ಲಿ ಕೇಳುವ ಆ ಗಟ್ಟಿ ದನಿ ಈಗ ತೀರ ಸಣ್ಣದಾಗಿತ್ತು. “ಸ್ಟುಡಿಯೋದವರು ‘ನೇರ’ ಅಂತ ಹಾಕೊಂಡ್ರು. ಎಲ್ಲರೂ ಮಾಡೋದೇ. ನಾನು ಕಾರು ಹತ್ತಿ ಇಲ್ಲಿಗೆ ಬಂದೆ.”

“ಇಷ್ಟು ವರ್ಷ ಬರದವರು ಆವತ್ತೇ ಯಾಕೆ ಬಂದ್ರಿ?”

ಒತಿಲಿಯಾ ತನ್ನ ಫೋನು ಮುಂದೆ ಹಿಡಿದಳು. ಯೊರ್ದಾಕೆಯ ನಂಬರಿನಿಂದ ಒಂದು ಸಂದೇಶ: ‘ನಿಮ್ಮಪ್ಪನ ಫೋನಲ್ಲಿ ನೀನು ಬರೋದು ನಿಂತಿದೆ. ನಾನೇ ನಿಲ್ಲಿಸಿದೀನಿ. ಅವನ ಕೈಲಿ ಆಗ್ತಿಲ್ಲ. ಬೇಕಿದ್ರೆ ನೀನೇ ಬಾ.’

ಲಾಕಪ್ಪಿನಲ್ಲಿ ಕೂತ ಆ ಹಠಮಾರಿ ಇದನ್ನೂ ಹೇಳಿರಲಿಲ್ಲ.

“ಅಪ್ಪ ನನ್ನ ನೋಡೋಕೆ ದುಡ್ಡು ಕೊಡ್ತಿದಾರೆ ಅಂತ ನನಗೆ ಗೊತ್ತಾಗಿದ್ದೇ ಆಗ,” ಎಂದಳು ಒತಿಲಿಯಾ. “ಟೀವೀನೇ ನೋಡಲ್ಲ ಅಂತ ಯಾರೋ ಹೇಳಿದ್ರು, ನಂಬಿದ್ದೆ. ಆ ಸಂದೇಶಕ್ಕೆ ನಾನು ಉತ್ತರ ಕೊಡಲಿಲ್ಲ. ಬರ್ತೀನಿ ಅಂತ ಯಾರಿಗೂ ಹೇಳಲಿಲ್ಲ. ಕಾರಿನ ಬಾಗಿಲು ತೆಗೆಯೋವರೆಗೂ ನನಗೇ ಗೊತ್ತಿರಲಿಲ್ಲ.”

“ಬಂದಾಗ?”

“ಬಾಗಿಲು ತೆರೆದೇ ಇತ್ತು. ಅಪ್ಪ ಅಲ್ಲಿ, ರೇಡಿಯೇಟರ್ ಪಕ್ಕ ಬಿದ್ದಿದ್ರು. ಉಸಿರಾಡ್ತಿದ್ರು.”

“ಉಸಿರಾಡ್ತಿದ್ರು!” ಸ್ಮರಾಂದಾ ಸಿಟ್ಟು ತಡೆಯಲಾರದೆ ಮೇಜು ಕುಟ್ಟಿದಳು. ಅವಳು ಇದುವರೆಗೆ ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಒಂದು ವಿಷಯವಿತ್ತು: ತನಾಸೆಯ ಬಲಗೈ ಬೆರಳುಗಳ ಸಂದಿಯಲ್ಲಿ ಡಾಕ್ಟರಿಗೆ ಮೇಣ ಸಿಕ್ಕಿತ್ತು. ಉಸಿರು ಹೋಗುವಾಗ ಕೈಯಲ್ಲಿ ಉರಿಯುವ ಬತ್ತಿ ಇಲ್ಲದೆ ಕತ್ತಲಲ್ಲಿ ಹೋಗುವ ಸಾವನ್ನು ಈ ಕಡೆಯ ಜನ ಬದ್ಧವೈರಿಗೂ ಬಯಸುವುದಿಲ್ಲ. “ಮೇಣದಬತ್ತಿ ಹಚ್ಚಿ ಕೈಗೆ ಕೊಡೋಕೆ ನಿಮಗೆ ಪುರುಸೊತ್ತಿತ್ತು. ಆಂಬ್ಯುಲೆನ್ಸಿಗೆ ಒಂದು ಫೋನ್ ಮಾಡೋಕೆ ಇರಲಿಲ್ವಾ?”

ಒತಿಲಿಯಾ ಅರ್ಥವಾಗದವಳ ಹಾಗೆ ಅವಳನ್ನು ನೋಡಿದಳು.

“ನಾನು ಹಚ್ಚಲಿಲ್ಲ. ನಾನು ಒಳಗೆ ಬಂದಾಗ ಅದು ಆಗಲೇ ಅವರ ಕೈಲಿ ಉರೀತಿತ್ತು.”

“ಏನಂದ್ರಿ?”

“ಅದನ್ನ ನೋಡಿಯೇ ನಾನು ಫೋನ್ ಮಾಡಲಿಲ್ಲ.” ಅವಳು ಮುಖ ಮುಚ್ಚಿಕೊಂಡಳು. “ಕೈಗೆ ಬತ್ತಿ ಕೊಟ್ಟಿದಾರೆ ಅಂದ್ರೆ ಎಲ್ಲ ಮುಗಿದಿದೆ ಅಂತ ತಾನೇ? ಡಾಕ್ಟರು ಬಂದು ಕೈಚೆಲ್ಲಿ ಹೋಗಿರ್ತಾರೆ, ಯಾರೋ ಪಾದ್ರಿಯನ್ನ ಕರೆಯೋಕೆ ಹೋಗಿರ್ತಾರೆ ಅಂದ್ಕೊಂಡೆ. ಬದುಕೋರ ಕೈಗೆ ಯಾರಾದ್ರೂ ಬತ್ತಿ ಕೊಡ್ತಾರಾ, ನೀವೇ ಹೇಳಿ.”

ಬ್ರಯಿಲಾದಲ್ಲಿ ಹುಟ್ಟಿದ ಯಾರೇ ಆ ಬಾಗಿಲಲ್ಲಿ ನಿಂತಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಸ್ಮರಾಂದಾಳೇ ನಿಂತಿದ್ದರೂ ಟೋಪಿ ತೆಗೆದು, ಶಿಲುಬೆಯ ಗುರುತು ಮಾಡಿಕೊಂಡು ಕೂತುಬಿಡುತ್ತಿದ್ದಳು.

“ಏನು ಮಾತಾಡಿದ್ರಿ ಅವರ ಹತ್ರ?”

“ಅಪ್ಪ, ನಾನು ಒತಿಲಿಯಾ, ಬಂದಿದೀನಿ ಅಂದೆ. ಕಣ್ಣು ಮುಚ್ಚೇ ಇತ್ತು. ಆದ್ರೆ ಮುಖ ಹೇಗೆ ಅರಳ್ತು ಅಂತೀರಾ!” ಅವಳು ನಕ್ಕಳು, ಆ ನಗು ಅರ್ಧಕ್ಕೇ ಅಳುವಾಯಿತು. “‘ಯೊರ್ದಾಕೆ ದುಡ್ಡು ಕಟ್ಟಿದಾನೆ. ಒಳ್ಳೇವನು’ ಅಂದ್ರು. ಆ್ಯಪ್ ಬಂತು ಅಂದ್ಕೊಂಡಿದ್ರು, ಮೇಡಂ. ನಾನು ಕೈ ಹಿಡ್ಕೊಂಡು ಕೂತಿದ್ರೆ, ಆ್ಯಪ್ ಅಂದ್ಕೊಂಡಿದ್ರು. ಆಮೇಲೆ, ‘ಸೌಂಡ್ ಜಾಸ್ತಿ ಮಾಡೋ’ ಅಂದ್ರು.”

“ಮಾಡಿದ್ರಾ?”

“ಮಾಡಿದೆ. ಅಪ್ಪಾ ಅಂದ್ರೆ ಅವರಿಗೆ ಕೇಳ್ತಿರಲಿಲ್ಲ, ಸುದ್ದಿ ಓದಿದ್ರೆ ಕೇಳ್ತಿತ್ತು. ಅದಕ್ಕೇ ಮುಷ್ಕರದ ವರದಿನೇ ಓದಿದೆ. ಗೊತ್ತಿರೋದನ್ನೇ ಮತ್ತೆ ಮತ್ತೆ ಓದಿದೆ. ಕೊನೇಲಿ ದಿನಾ ಹೇಳೋ ಹಾಗೆ, ‘ತುಲ್ಚಾದಿಂದ ನಿಮ್ಮ ಒತಿಲಿಯಾ’ ಅಂದೆ. ಅದು ಮುಗಿದಾಗ ಅವರೂ ಮುಗಿದಿದ್ರು.”

ಗೋಡೆಯಾಚೆ ಅಗ್ಲಾಯಾ ಕೇಳಿಸಿಕೊಂಡ ತಡವರಿಕೆ ಇದೇ ಎಂದು ಸ್ಮರಾಂದಾಳಿಗೆ ಗೊತ್ತಾಯಿತು. ಅವಳ ಕಣ್ಣು ತುಂಬಿ ಬಂತು. ಡ್ಯೂಟಿಯಲ್ಲಿದ್ದಾಗ ಅಳಬಾರದೆಂದು ಎಲ್ಲೂ ಬರೆದಿಲ್ಲವಲ್ಲ ಎಂದುಕೊಂಡು ಒರೆಸಿಕೊಂಡಳು.

“ಆಮೇಲೆ ಓಡಿಹೋದ್ರಿ.”

“ಹ್ಞೂಂ. ನಾನಿಲ್ಲಿ ಸಿಕ್ಕಿಬಿದ್ರೆ ‘ನೇರ’ ಅನ್ನೋ ಸುಳ್ಳು ಹೊರಗೆ ಬರುತ್ತೆ ಅಂತ ಹೆದರಿದೆ. ಅಪ್ಪ ಸತ್ತು ಬಿದ್ದಿರುವಾಗ ನನಗೆ ಕೆಲಸದ ಯೋಚನೆ ಬಂತು. ಅದನ್ನೂ ಬರ್ಕೊಳ್ಳಿ.” ಆಮೇಲೆ ಕೇಳಿದಳು, “ಆಂಬ್ಯುಲೆನ್ಸ್ ಕರೆದಿದ್ರೆ ಬದುಕ್ತಿದ್ರಾ?”

ಹೊತ್ತಿಗೆ ಸರಿಯಾಗಿ ಸೇರಿಸಿದ್ದರೆ ಉಳಿಯುತ್ತಿದ್ದರೆಂದು ಡಾಕ್ಟರು ಹೇಳಿದ್ದರು. ಸ್ಮರಾಂದಾ ಕಿಟಕಿಯ ಕಡೆ ತಿರುಗಿ, “ಆ ಬತ್ತಿ ಏನಾಯ್ತು? ನಮಗೆ ಸಿಗಲಿಲ್ಲ,” ಎಂದಳು.

ಒತಿಲಿಯಾ ತನ್ನ ಚೀಲದೊಳಗಿಂದ ಕರ್ಚೀಫಿನ ಗಂಟೊಂದನ್ನು ತೆಗೆದಳು.

“ಬಿಟ್ಟುಹೋಗೋಕೆ ಮನಸ್ಸಾಗಲಿಲ್ಲ. ಅವರ ಕೈಯ ಬಿಸಿ ಇನ್ನೂ ಇತ್ತು ಇದರಲ್ಲಿ.”

ಸ್ಮರಾಂದಾ ಗಂಟು ಬಿಚ್ಚಿದಳು. ಬೆರಳುದ್ದದ ತುಂಡು. ಮೇಣ ಸುರಿದು ಗಟ್ಟಿಯಾಗಿದ್ದ ಬುಡದ ಸುತ್ತ, ಅಂಚು ಸುಟ್ಟ ಹಸಿರು ಉಣ್ಣೆಯ ದಾರ.

ಈ ಬೀದಿಯಲ್ಲಿ ದಾರ ಸುತ್ತುವವಳು ಒಬ್ಬಳೇ.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಅಗ್ಲಾಯಾ ಅಜ್ಜಿ ತಟ್ಟೆ ಹಿಡಿದು ಬಂದಳು. ಎರಡು ಬ್ರೆಡ್ಡು, ಎರಡು ಉರಿಯುವ ಬತ್ತಿ. “ಊಟ ಬಿಟ್ಟು ಇಲ್ಲೇನು ಪಂಚಾಯ್ತಿ? ತಗೊಳ್ಳಿ, ಅವನ ಹೆಸರಲ್ಲಿ,” ಎಂದವಳು ಸ್ಮರಾಂದಾಳ ಅಂಗೈ ನೋಡಿ ನಿಂತಳು. “ಅಯ್ಯೋ, ಇದು ನಿಮ್ಮ ಹತ್ರ ಇತ್ತಾ?”

“ಇದು ನಿಮ್ಮದಾ, ಅಜ್ಜಿ?”

“ನಂದೇ. ಈಸ್ಟರ್ ರಾತ್ರೀದು. ನನ್ನ ಸಾವಿಗೆ ಅಂತ ಎತ್ತಿಟ್ಟಿದ್ದೆ.”

“ಆವತ್ತು ಈ ಮನೆಗೆ ಯಾರು ಬಂದ್ರು ಅಂತ ನಿಮ್ಮನ್ನ ಕೇಳಿದ್ದೆ.”

“ಹೊರಗಿನವರು ಯಾರು ಬಂದ್ರು ಅಂತ ತಾನೇ? ಯೊರ್ದಾಕೆ ಅಂದೆ. ದಿನಾ ಕಾಫಿ ಕೊಡೋಕೆ ಬರೋಳ್ನ ಯಾರು ಬಂದೋರ ಲೆಕ್ಕಕ್ಕೆ ಹಿಡೀತಾರೆ?”

ಸ್ಮರಾಂದಾ ಒಂದೊಂದೇ ಪದವನ್ನು ಬಿಡಿಸಿ ಕೇಳಿದಳು. “ಅವರು ತಲೆಯೊಡೆದು ಬಿದ್ದಿರೋದನ್ನ ನೋಡಿದ್ರಿ. ಯಾರನ್ನೂ ಕರೀದೆ ಬತ್ತಿ ಹಚ್ಚಿ ಕೈಗೆ ಕೊಟ್ರಿ. ಸರಿನಾ?”

“ಬಿದ್ದಿರೋದಾ?” ಅಜ್ಜಿ ಬೆಚ್ಚಿದಳು. ತಟ್ಟೆಯ ಮೇಲಿನ ಜ್ವಾಲೆಗಳು ಓಲಾಡಿದವು. “ದೇವರಾಣೆಗೂ ನಾನು ಬಿದ್ದಿದ್ದನ್ನ ನೋಡಿಲ್ಲ ಕಣೇ. ಯೊರ್ದಾಕೆ ಹೋದ ಮೇಲೆ ಕಾಫಿ ತಂದೆ. ಅವನು ಈ ಕುರ್ಚೀಲೇ ಕೂತಿದ್ದ, ಗಡ್ಡ ಕೆರೆದು, ಒಳ್ಳೇ ಅಂಗಿ ಹಾಕ್ಕೊಂಡು. ನಿನ್ನ ಈಸ್ಟರ್ ಬತ್ತಿ ಕೊಡು ಅಂದ. ನಾನು ಬೈದೆ. ಸಾಯೋ ಮಾತಾಡ್ಬೇಡ ಅಂದೆ. ಕೈ ಹಿಡ್ಕೊಂಡು ಬೇಡಿದ. ಕೊಟ್ಟೆ.”

“ಯಾಕೆ ಬೇಕು ಅಂತ ಕೇಳಲಿಲ್ವಾ?”

“ಕೇಳ್ದೆ.” ಅಜ್ಜಿ ಒತಿಲಿಯಾಳನ್ನೇ ನೋಡುತ್ತಿದ್ದಳು. “‘ಯಾರೂ ಹೇಳಿಲ್ಲ, ಆದ್ರೆ ನನಗೆ ಗೊತ್ತು. ಮಗಳು ದಾರೀಲಿದಾಳೆ ಅಗ್ಲಾಯಾ, ಅವಳು ಬರೋ ಹೊತ್ತಿಗೆ ಇದು ನನ್ನ ಕೈಲಿ ಉರೀತಿರ್ಬೇಕು’ ಅಂದ.”